ಹೆಣ್ಣು ಕೇಳಲು ಬಾರದವರು

ರೊಮುಲೊ ಮನೆಯವರು ಹೆಣ್ಣು ಕೇಳಲು ಬರುತ್ತಾರೆಂದು ನನ್ನಮ್ಮ ಮೂರು ಭಾನುವಾರ ಪಾನ್ಸಿತ್ ಶ್ಯಾವಿಗೆ ಮಾಡಿದಳು. ಮೂರು ಸಲವೂ ಅದನ್ನು ಪಕ್ಕದ ಮನೆಯವರೇ ತಿಂದರು. ಒಮ್ಮೆ ಅವನಪ್ಪನಿಗೆ ಜ್ವರ, ಒಮ್ಮೆ ಅವರಿರುವ ಗಿಮರಾಸ್ ದ್ವೀಪದಿಂದ ದೋಣಿ ಸಿಗಲಿಲ್ಲ, ಕೊನೆಗೆ ಮತ್ತೆ ಜ್ವರ.

“ಇದೊಂದು ತಿಂಗಳು ಕಳೀಲಿ ಎಂಜಿನಿಯರ್. ಅಲ್ಲೀವರೆಗೂ ನಮ್ಮ ವಿಷಯ ಮನೆಯಾಚೆ ಯಾರಿಗೂ ಹೇಳ್ಬೇಡ,” ಎಂದಿದ್ದ ರೊಮುಲೊ. ಎಂಜಿನಿಯರ್ ಎಂದು ಊರೇ ನನ್ನನ್ನು ಕರೆಯುತ್ತದೆ. ಅವನು ಕರೆದರೆ ಮಾತ್ರ ಕಿವಿ ಬಿಸಿಯಾಗುತ್ತಿತ್ತು.

ಅವನು ಕಾಂಟ್ರಾಕ್ಟರ್, ನಾನು ಪುರಸಭೆಯ ಟೆಂಡರ್ ಸಮಿತಿಯಲ್ಲಿದ್ದವಳು. ನಮ್ಮೂರಿನ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದ.

ಮಂಗಳವಾರ ಬೆಳಿಗ್ಗೆ ಸೇತುವೆ ಟೆಂಡರಿನ ಲಕೋಟೆಗಳನ್ನು ಎಲ್ಲರೆದುರು ಒಡೆದು ಓದುತ್ತಿದ್ದೆ. ನಾಲ್ಕನೆಯದು ಅವನದು. ತಲೆಯೆತ್ತಿದರೆ, ಕೊನೆಯ ಸಾಲಿನಲ್ಲಿ ನಾನೇ ಕೊಡಿಸಿದ ಅಂಗಿ ತೊಟ್ಟು ಕುಳಿತಿದ್ದ.

‘ಸಮಿತಿಯ ಯಾರಿಗೂ ರಕ್ತದಿಂದಾಗಲಿ ಮದುವೆಯಿಂದಾಗಲಿ ನಾನು ನೆಂಟನಲ್ಲ’ ಎಂಬ ಪ್ರಮಾಣಪತ್ರ ಒಳಗಿತ್ತು. ಅದಕ್ಕೆ ನೋಟರಿ ಮೊಹರು ಬಿದ್ದದ್ದು ಕೊನೆಯ ಜ್ವರದ ಮರುದಿನ. ನನ್ನನ್ನು ಮದುವೆಯಾಗಿದ್ದರೆ ಈ ಕಾಗದಕ್ಕೆ ಸಹಿ ಹಾಕುವಂತಿರಲಿಲ್ಲ.

ಚಹಾದ ವಿರಾಮದಲ್ಲಿ ಬಿಸಿ ಅಕ್ಕಿಕೇಕು ಹಿಡಿದು ವರಾಂಡಕ್ಕೆ ಬಂದ.

“ಸುಳ್ಳೇನು ಬರ್ದಿದೀನಿ ಹೇಳು. ನಮಗಿನ್ನೂ ಮದುವೆ ಆಗಿಲ್ವಲ್ಲ.”

“ನಿಮ್ಮಪ್ಪನ ಜ್ವರ?”

ನಕ್ಕುಬಿಟ್ಟ. “ಕೆಲಸ ಸಿಕ್ಕಿದ ವಾರಾನೇ ಬರ್ತೀವಿ. ನೀನು ಸುಮ್ನೆ ಸಮಿತಿ ಕಾಗದಕ್ಕೆ ಸಹಿ ಹಾಕು.”

ನಕ್ಕಾಗ ಕೆನ್ನೆಯಲ್ಲಿ ಬೀಳುವ ಗುಳಿ ಆಗಲೂ ಇಷ್ಟವಾಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಎಲ್ಲರೂ ಕುಳಿತ ಮೇಲೆ ನಾನು ಎದ್ದು ನಿಂತೆ.

“ಚೇರ್ಮನ್ ಸರ್, ನಾನು ಈ ಟೆಂಡರಿನ ಸಮಿತೀಲಿ ಕೂರೋ ಹಾಗಿಲ್ಲ. ನಾಲ್ಕನೇ ಲಕೋಟೆಯವರನ್ನ ಪ್ರೀತಿಸ್ತೀನಿ. ಬರ್ಕೊಳ್ಳಿ.”

ಎರಡು ವರ್ಷದ ಗುಟ್ಟು. ಜನರೆದುರು ಮೊದಲ ಸಲ ಹೇಳಿದ್ದೆ.

ಚೇರ್ಮನ್ ಕನ್ನಡಕ ತೆಗೆದರು. “ಏನಪ್ಪಾ ರೊಮುಲೊ, ಹೌದಾ?”

ಅವನು ನನ್ನನ್ನೇ ನೋಡಿದ. ಹೌದು ಎಂದಿದ್ದರೆ ಜ್ವರ, ದೋಣಿ ಎಲ್ಲವನ್ನೂ ಅಲ್ಲೇ ಮರೆತುಬಿಡುತ್ತಿದ್ದೆ, ಅಷ್ಟು ಹುಚ್ಚಿ ನಾನು. ಆಮೇಲೆ ಅವನ ಕಣ್ಣು ಮೇಜಿನ ಮೇಲಿದ್ದ ಲಕೋಟೆಗೆ ಹೋಯಿತು.

“ಎಂಜಿನಿಯರ್ ಬರೀ ಪರಿಚಯ, ಸರ್.”

ಮನೆಗೆ ಬಂದಾಗ ಅಮ್ಮ ಸೌತೆಕಾಯಿ ಹೆಚ್ಚುತ್ತಿದ್ದಳು. “ಈ ಭಾನುವಾರಕ್ಕೆ ಎಷ್ಟು ಶ್ಯಾವಿಗೆ ತರಲಿ? ಮತ್ತೆ ಜ್ವರಗಿರ ಬಂದೀತಾ ಹೇಗೆ?”

“ತರಬೇಡಮ್ಮ,” ಎಂದೆ. “ಅವ್ರು ನಮಗೇನೂ ಆಗ್ಬೇಕಿಲ್ಲ.”