ಅವರ ಸೇರು

ಜಾಡಿಯ ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆಯ ಗಂಟು ಅವಳು ಹಾಕಿದ್ದಲ್ಲ.

ಸಿದ್ದಲಕ್ಷ್ಮಿ ಒಲೆಯ ಮುಂದಿನಿಂದ ಎದ್ದು ಬಂದು ಅದನ್ನೇ ನೋಡುತ್ತ ನಿಂತಳು. ಅವಳ ತವರು ಕುಣಿಗಲ್ ಕಡೆ. ಅಲ್ಲಿ ಉಪ್ಪಿನಕಾಯಿ ಜಾಡಿಗೆ ದಾರ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸುತ್ತಾರೆ. ಈ ಗಂಟೋ, ಎಮ್ಮೆಯನ್ನು ಗೂಟಕ್ಕೆ ಕಟ್ಟಿದ ಹಾಗೆ ಬಿಗಿದಿತ್ತು.

ಚೇಳೂರಿನ ಈ ಮನೆಗೆ ಅವಳು ಸೊಸೆಯಾಗಿ ಬಂದದ್ದು ಎಪ್ಪತ್ತೆಂಟನೇ ಇಸವಿಯ ಮಾಘ ಮಾಸದಲ್ಲಿ. ಹಿಂದಿನ ಬೇಸಿಗೆಯಲ್ಲಿ ಮಾವ ದೊಡ್ಡಬೋರಯ್ಯ ತೀರಿಕೊಂಡಿದ್ದರು. ವರ್ಷ ತುಂಬುವುದರೊಳಗೆ ಮನೆಯಲ್ಲೊಂದು ಶುಭ ನಡೆಯಲಿ ಎಂದು ಹಿರಿಯರು ಅವರ ಮಗ ರಂಗಣ್ಣನಿಗೆ ಅವಳನ್ನು ತಂದುಕೊಂಡರು. ಈಗ ವೈಶಾಖದ ಕೊನೆಗೆ ವರ್ಷದ ಎಡೆ. ಬದುಕಿರುವ ತನಕ ಮಾವ ಮಾವಿನ ಮಿಡಿ ಉಪ್ಪಿನಕಾಯಿ ಇಲ್ಲದೆ ಊಟಕ್ಕೆ ಕೂತವರಲ್ಲವಂತೆ.

ಅವರು ಹೋದಮೇಲೆ ಅತ್ತೆ ನರಸಿಂಹಮ್ಮ ಜಾಡಿಯನ್ನು ಮುಟ್ಟಿರಲಿಲ್ಲ. ಬುಟ್ಟಿ ತುಂಬ ಮಿಡಿ ಮನೆಗೆ ಬಂದ ದಿನ ಸೊಸೆಯನ್ನು ಕರೆದು ಹೇಳಿದ್ದರು:

"ಈ ಸಲ ನೀನೇ ಕೈ ಇಡವ್ವ. ಎಡೆಗೆ ಮೊದ್ಲು ಬೀಳೋದು ನಿನ್ ಉಪ್ಪಿನಕಾಯಿನೇ. ಕೈ ಇಟ್ಟೋಳು ಬಿಟ್ಟು ಇನ್ಯಾರೂ ಜಾಡಿ ಬಿಚ್ಚಬಾರ್ದು. ಕೆಟ್ರೆ ಮನೆಗೆ ಆಗಿಬರಲ್ಲ."

"ಉಪ್ಪು ಎಷ್ಟು ಹಾಕ್ಲಿ ಅತ್ತೆ?"

"ಅವರ ಸೇರಲ್ಲಿ ಎರಡು," ಎಂದು ಹೇಳಿ ನರಸಿಂಹಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ಕೇಳುವ ಧೈರ್ಯ ಸಿದ್ದಲಕ್ಷ್ಮಿಗೆ ಬರಲಿಲ್ಲ.

ಉಗ್ರಾಣದಲ್ಲಿ ಎರಡು ಸೇರುಗಳಿದ್ದವು. ಒಂದು ಕಪ್ಪು ಕಬ್ಬಿಣದ್ದು, ಇನ್ನೊಂದು ಹಿತ್ತಾಳೆಯದು. ಹಿತ್ತಾಳೆಯ ಸೇರಿನ ಮೇಲೆ ಮಾವನ ಹೆಸರು ಕೆತ್ತಿತ್ತು. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಅದರಲ್ಲೇ ಕಲ್ಲುಪ್ಪು ಅಳೆದು, ಮಿಡಿಯ ಮೇಲೆ ಪದರ ಪದರವಾಗಿ ಹಾಕಿದ್ದಳು.

ಈಗ ಆ ಜಾಡಿಯನ್ನು ಯಾರೋ ಬಿಚ್ಚಿದ್ದಾರೆ. ಅತ್ತೆಗೆ ತನ್ನ ಕೈಯ ಮೇಲೆ ನಂಬಿಕೆ ಇಲ್ಲವೇ?

ಅವಳು ಗಂಟು ಬಿಚ್ಚಿ ತನ್ನ ರೀತಿಯಲ್ಲಿ ಕಟ್ಟಿ, ಅದರ ಮೇಲೆ ಒದ್ದೆ ಕುಂಕುಮದ ಬೊಟ್ಟೊಂದನ್ನು ಇಟ್ಟಳು.

ಮರುದಿನ ಬಾವಿಯಿಂದ ನೀರು ಹೊತ್ತು ತರುವಷ್ಟರಲ್ಲಿ ಬೊಟ್ಟು ಅಳಿಸಿಹೋಗಿತ್ತು. ಅತ್ತೆ ರಾಗಿ ಕೇರುತ್ತಿದ್ದರು. ಅವರ ಬೆರಳು ಶುಭ್ರವಾಗಿತ್ತು. ರೊಟ್ಟಿ ತಿನ್ನಲು ಕೂತ ಗಂಡನ ಹೆಬ್ಬೆರಳು ಮಾತ್ರ ಕೆಂಪಗಿತ್ತು.

"ಬೆರಳಿಗೇನಾಯ್ತು?"

ರಂಗಣ್ಣ ಕೈಯನ್ನು ಪಂಚೆಗೆ ಒರೆಸಿಕೊಂಡ. "ಏನಿಲ್ಲ. ಗುಡಿಗೆ ಹೋಗಿದ್ದೆ."

ಇಷ್ಟು ಹೊತ್ತಿಗೆ ಗುಡಿಯ ಬಾಗಿಲು ತೆಗೆದಿರುವುದಿಲ್ಲ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಅವನು ತಲೆ ತಗ್ಗಿಸಿ ರೊಟ್ಟಿ ಮುರಿದ. ಅವನ ಕಿವಿ ಕೆಂಪಗಾದುದನ್ನು ಅವಳು ನೋಡಿದಳು. ಮದುವೆಯ ದಿನ ತನ್ನ ಕಡೆ ಕದ್ದು ನೋಡಿ ಸಿಕ್ಕಿಬಿದ್ದಾಗಲೂ ಅವನ ಕಿವಿ ಹೀಗೇ ಕೆಂಪಾಗಿತ್ತು. ಅಂದು ನಗು ಬಂದಿತ್ತು. ಇಂದು ಮುಖ ತಿರುಗಿಸಿಕೊಂಡು ಒಲೆಯ ಕಡೆ ಹೋದಳು.

ಅವನು ಸೈಕಲ್ ಹೊರಗೆ ತಂದಾಗ ಅವಳು ಹೊಸಲಿನ ಮುಂದೆ ಚುಕ್ಕಿ ಇಟ್ಟು ಎಳೆ ಬಿಡುತ್ತಿದ್ದಳು.

"ಇದೇನು ಹಾಕ್ತಿದೀಯ?" ಎಂದು ನಿತ್ಯದಂತೆ ಕೇಳಿದ. ಅದರ ಹೆಸರು ಹೇಳಿದರೆ ಗಂಡನ ಹೆಸರನ್ನೇ ಬಾಯಿಗೆ ತಂದಂತೆ ಎಂದು ಅವಳು ಬಾಗಿಲ ಹಸೆ ಎನ್ನುತ್ತಿದ್ದಳು. ಅವಳಿಂದ ಹೇಗಾದರೂ ಆ ಮಾತು ಹೊರಡಿಸಬೇಕೆಂಬುದು ಅವನ ತಮಾಷೆ.

"ಕಣ್ಣು ಕಾಣ್ತಾ ಇಲ್ವಾ?"

"ಕಾಣುತ್ತೆ. ಹೆಸರೇ ಮರ್ತೋಗೈತೆ."

ಅವಳು ತಲೆ ಎತ್ತಲಿಲ್ಲ. ಹ್ಯಾಂಡಲ್‌ಗೆ ಸಿಕ್ಕಿಸಿದ ಚೀಲದಲ್ಲಿ ಮುಚ್ಚಳದ ಡಬ್ಬಿಯೊಂದು ಭಾರವಾಗಿ ತೂಗುತ್ತಿತ್ತು. ಗಾಳಿಯಲ್ಲಿ ಮಾವಿನ ಸೊನೆಯ ವಾಸನೆ ಹಾದುಹೋಯಿತು.

ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಹನುಮಕ್ಕ ಕೊಡ ತಿಕ್ಕುತ್ತ ಕೇಳಿದಳು: "ನಿನ್ ಗಂಡ ದಿನಾ ಡಬ್ಬಿಲಿ ಏನ್ ಹೊತ್ಕೊಂಡು ಹೋಗ್ತಾನೆ ಕಣೇ? ನಮ್ಮನೆ ಮುಂದೆ ಹೋದ್ರೆ ಬಾಯಲ್ಲಿ ನೀರು ಬರ್ತದೆ. ಮಿಡಿ ಅಲ್ವಾ?"

"ಗೊತ್ತಿಲ್ಲಕ್ಕ."

"ಮಿಡಿ ಬೇಕು ಅನ್ನೋದು ಬಸುರಿ ಹೆಂಗಸ್ರಿಗೆ. ನೀನೇನಾದ್ರೂ..." ಹನುಮಕ್ಕ ಅವಳ ಹೊಟ್ಟೆಯ ಕಡೆ ನೋಡಿದಳು. "ಇಲ್ವಾ? ಹಂಗಾದ್ರೆ ಯಾರಿಗೆ ಹೊರ್ತಾನೋ ಮಹರಾಯ. ಸುಮ್ನೆ ಅಂದೆ ಬುಡು, ಮುಖ ಸಣ್ಣ ಮಾಡ್ಕೋಬೇಡ."

ಆದರೆ ಆಡಿದ ಮಾತು ಆಡಿಯಾಗಿತ್ತು. ಸಿದ್ದಲಕ್ಷ್ಮಿ ಅರ್ಧ ತುಂಬಿದ ಕೊಡವನ್ನೇ ಹೊತ್ತು ಮನೆಗೆ ಬಂದಳು. ದೇವರ ಮುಂದೆ ದೀಪ ಹಚ್ಚಿ ಎಡೆಯೂರಿನ ಸಿದ್ಧಲಿಂಗೇಶ್ವರನನ್ನು ನೆನೆದಳು. ಕೈ ಮುಗಿದರೂ ಮನಸ್ಸು ಆ ಡಬ್ಬಿಯ ಹಿಂದೆಯೇ ಹೋಯಿತು. ಯಾವ ಮನೆಯಲ್ಲಿ, ಯಾವ ಹೆಂಗಸು ಅದರ ಮುಚ್ಚಳ ತೆಗೆಯುತ್ತಿದ್ದಾಳೋ.

"ತೋಟಕ್ಕೆ ಬುತ್ತಿ ನಾನೇ ಒಯ್ತೀನಿ ಅತ್ತೆ," ಎಂದಳು.

ನರಸಿಂಹಮ್ಮ ಅವಳ ಮುಖವನ್ನು ಒಂದು ಕ್ಷಣ ನೋಡಿದರು. "ಹೋಗ್ಬಾ. ಆ ಭಾರಿ ಚೊಂಬಲ್ಲಿ ಮಜ್ಜಿಗೆನೂ ತಗೊಂಡೋಗು."

ತೆಂಗಿನ ತೋಟದ ನಡುವೆ ಪಂಪ್‌ಸೆಟ್ಟಿನ ಕೋಣೆ. ಅದರ ಹಿಂದಿನಿಂದ ಹೊಗೆ ಏಳುತ್ತಿತ್ತು. ಗೋಡೆಗೆ ಸೈಕಲ್ ಒರಗಿಸಿತ್ತು. ಒಳಗೊಂದು ಹೆಣ್ಣು ದನಿ ಕೇಳೀತೆಂದು ಅವಳು ಉಸಿರು ಹಿಡಿದು ನಿಂತಳು. ಕೇಳಿಸಿದ್ದು ಒಣ ಮಟ್ಟೆ ಚಟಪಟ ಉರಿಯುವ ಸದ್ದು ಮಾತ್ರ.

ಹಿಂದೆ ಹೋಗಿ ನೋಡಿದಳು. ರಂಗಣ್ಣ ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಊದುತ್ತಿದ್ದ. ಮುಖದ ತುಂಬ ಬೂದಿ. ಒಲೆಯ ಮೇಲೆ ಉಪ್ಪುನೀರು ಕುದಿಯುತ್ತಿತ್ತು. ಪಕ್ಕದಲ್ಲಿ ಕಲ್ಲುಪ್ಪಿನ ಪೊಟ್ಟಣವಿತ್ತು.

"ಯಾರಿಗೆ ಇದು?"

ಅವನು ಬೆಚ್ಚಿಬಿದ್ದ. "ಯಾರಿಗೆ ಅಂದ್ರೆ?"

"ಯಾವ ಬಸುರಿಗೆ?"

ಅವನು ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ. ಬಳಿಕ ನಗಲಾರಂಭಿಸಿದ. ಅವಳ ಕಣ್ಣು ತುಂಬಿದ್ದು ಕಂಡು ನಗು ಥಟ್ಟನೆ ನಿಂತಿತು.

"ಜಾಡಿಗೆ ಕಣೇ. ನಿನ್ ಜಾಡಿಗೆ. ಒಂದಿನ ಆಸೆ ತಡೀದೆ ಒಂದು ಮಿಡಿ ಕದಿಯಾಕೆ ಬಿಚ್ದೆ. ಮೇಲೆ ಬಿಳೀ ಬೂಸು ಕಟ್ಟಿತ್ತು. ನೀರು ನಾಲಿಗೆಗಿಟ್ರೆ ಸಪ್ಪೆ."

"ಅತ್ತೆ ಹೇಳಿದಷ್ಟೇ ಹಾಕಿದೀನಿ. ಅವರ ಸೇರಲ್ಲಿ ಎರಡು."

"ಯಾವ ಸೇರು?"

"ಹಿತ್ತಾಳೆದು. ಮಾವನ ಹೆಸರಿದೆಯಲ್ಲ."

ರಂಗಣ್ಣ ಊದುಗೊಳವೆ ಕೆಳಗಿಟ್ಟ. "ಅದು ಚಿಕ್ಕ ಸೇರು. ಅವ್ವ ಹೇಳಿದ್ದು ಕಬ್ಬಿಣದ್ದು, ದೊಡ್ಡ ಸೇರು. ಅಪ್ಪನ ಹೆಸರಲ್ಲಿ ದೊಡ್ಡ ಅನ್ನೋ ಮಾತು ಐತಲ್ಲ, ಅವ್ವ ಬಾಯಲ್ಲಿ ಅದು ಬರಲ್ಲ. ದೊಡ್ಡದು ಏನಿದ್ರೂ ಭಾರಿ ಅಂತಾಳೆ. ಅಪ್ಪ ಹೋದ್ಮೇಲೆ ಒಂದೊಂದ್ಸಲ ಅವರದು ಅಂತಲೂ ಅಂತಾಳೆ."

ಸಿದ್ದಲಕ್ಷ್ಮಿ ಬುತ್ತಿಯನ್ನು ನೆಲದ ಮೇಲಿಟ್ಟು ಅಲ್ಲೇ ಕುಳಿತುಬಿಟ್ಟಳು. ಭಾರಿ ಹಂಡೆ, ಭಾರಿ ಚೊಂಬು. ದಿನವೂ ಕೇಳುತ್ತಿದ್ದ ಮಾತುಗಳೆಲ್ಲ ಈಗ ಅರ್ಥವಾದವು. ಬಾಗಿಲ ಹಸೆ ಎನ್ನುವ ತನಗೇ ಅದು ಹೊಳೆಯಲಿಲ್ಲವಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಳ್ತಾ ಹೋಗಿ ಅವ್ವನ ಕಾಲು ಹಿಡೀತಿದ್ದೆ. ಎಡೆ ಹೊತ್ತಲ್ಲಿ ಜಾಡಿ ಕೆಡ್ತು ಅಂದ್ರೆ ಅವ್ವ ತಡ್ಕೊಳಲ್ಲ." ಅವನು ಬೆಂಕಿಯನ್ನು ಕೆದಕಿದ. "ನಿನ್ನನ್ನೂ ಜನ ಬಿಡ್ತಿರಲಿಲ್ಲ. ಅದು ನಂಗೆ ಬೇಕಾಗಿರಲಿಲ್ಲ."

ಅವಳು ಸೆರಗಿನ ತುದಿಯನ್ನು ಮಜ್ಜಿಗೆ ಚೊಂಬಿನ ತಣ್ಣನೆ ಬೆವರಿಗೆ ಒತ್ತಿ, ಅವನ ಹಣೆಯ ಮೇಲಿನ ಬೂದಿ ಒರೆಸಿದಳು. ಅವನು ಅಲುಗದೆ ಕೂತ. ಕಿವಿ ಮತ್ತೆ ಕೆಂಪಾಯಿತು.

"ಕೆಡದೇ ಇರುತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಬೂಸು ತೆಗ್ದೆ. ದಿನಾ ಡಬ್ಬಿಲಿ ಒಂದಿಷ್ಟು ಜಾಡಿ ನೀರು ತಂದು, ಉಪ್ಪು ಹಾಕಿ ಕುದಿಸಿ, ಆರಿಸಿ ಮತ್ತೆ ಜಾಡಿಗೇ ಹಾಕ್ತಿದೀನಿ. ಒಂದೇ ಸಲ ಸುರಿಯೋಕೆ ಭಯ. ರಂಗನಾಥಸ್ವಾಮಿ ಏನ್ ಮಾಡ್ತಾನೋ."

ಅಂದಿನಿಂದ ಇಬ್ಬರೂ ಸೇರಿ ಒಲೆ ಹಚ್ಚಿದರು. ಗಂಟು ಮಾತ್ರ ಅವಳೇ ಹಾಕಿದಳು. ಆಮೇಲೆ ಆ ಉಪ್ಪುನೀರಿನಲ್ಲೇ ಸಾಸಿವೆ, ಮೆಣಸಿನಕಾಯಿ ಅರೆದು ಕಲಸಿದಳು.

ಎಡೆಯ ದಿನ ನರಸಿಂಹಮ್ಮ ಬಾಳೆಯೆಲೆಯ ತುದಿಗೆ ಮೊದಲ ಮಿಡಿಯನ್ನು ಬಡಿಸಿ ಕೈ ಮುಗಿದರು. ಅವರ ತುಟಿ ಅಲುಗಿತು, ಹೆಸರು ಹೊರಬರಲಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ಒಂದು ಮಿಡಿ ಕಚ್ಚಿ ನಿಧಾನವಾಗಿ ಅಗಿದರು. ಸಿದ್ದಲಕ್ಷ್ಮಿ ಬಡಿಸುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡಿದಳು.

"ಗಟ್ಟಿಯಾಗೇ ಅದೆ. ಉಪ್ಪೂ ಹಿಡಿದದೆ," ಎಂದರು ನರಸಿಂಹಮ್ಮ. ಇನ್ನೊಮ್ಮೆ ಕಚ್ಚಿ ಮಗನ ಕಡೆ ನೋಡಿದರು. "ಎರಡು ಕೈ ಬಿದ್ದಂಗದೆ. ಹೋಗ್ಲಿ ಬುಡು. ನಾನು ಮೊದಲ ವರ್ಷ ಹಾಕಿದಾಗ್ಲೂ ಎರಡು ಕೈ ಬಿದ್ದಿದ್ವು."

ಅವರು ಎಲೆಯ ಕಡೆಗೆ ತಿರುಗಿ ಬಹಳ ಹೊತ್ತು ನೋಡುತ್ತಿದ್ದರು.

ಬಂದವರೆಲ್ಲ ಹೊರಟ ಮೇಲೆ ರಂಗಣ್ಣ ಜಗಲಿಯ ಕಂಬಕ್ಕೆ ಒರಗಿ ನಿಂತ. ಎಡೆಯ ದಿನವಾದ್ದರಿಂದ ಹೊಸಲಿನ ಮುಂದೆ ಬರೀ ಸಗಣಿ ಸಾರಿಸಿದ ನೆಲ.

"ಇವತ್ತು ಬಾಗಿಲು ಬೋಳಾಗಿ ಕಾಣ್ತದೆ," ಎಂದ. "ಅದೇನೋ ಹಾಕ್ತಿದ್ಯಲ್ಲ, ಏನದು?"

ಸಿದ್ದಲಕ್ಷ್ಮಿ ಒಳಗೆ ಇಣುಕಿ ನೋಡಿದಳು. ಅತ್ತೆ ದೇವರ ಮನೆಯಲ್ಲಿದ್ದರು. ಅವಳು ಕಂಬದ ಹತ್ತಿರ ಬಂದು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ನಾಳೆ ಹಾಕ್ತೀನಿ. ದೊಡ್ಡ ರಂಗೋಲಿ."