ಹಸಿರು ರುಮಾಲಿನ ಕಸಿ

ನಮ್ಮ ಅಂಗಳದ ಮಾವು ಪ್ರತಿ ವರ್ಷ ಕಾಯಿ ಬಿಡುತ್ತದೆ. ಅದಕ್ಕೆ ಕಸಿ ಕಟ್ಟಿದವರು ಯಾರೆಂದು ಕೇಳಿದವರಿಗೆ ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ವಿಜಾಪುರದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನಾನು ಋತು ಬದಲಾದಾಗಲೊಮ್ಮೆ ತಿಕೋಟಾ ದಾರಿಯ ಸಸ್ಯೋದ್ಯಾನಕ್ಕೆ ಹೋಗುತ್ತಿದ್ದೆ. ಅಲ್ಲಿದ್ದ ಒಂದು ಮಾವಿನ ತಳಿಯ ಕೊನೆಯ ಮರ ಒಣಗುತ್ತಿತ್ತು. ಮಳೆಗಾಲಕ್ಕೆ ಕಸಿ ಕಟ್ಟುತ್ತೇನೆಂದು ಮಾತು ಕೊಟ್ಟಿದ್ದ ಮಾಲಿ ಲಾಡಲೇಸಾಬ ಚಳಿಗಾಲದಲ್ಲೇ ತೀರಿಕೊಂಡ.

1946ರ ಬೇಸಿಗೆ. ಮಟಮಟ ಮಧ್ಯಾಹ್ನ ಅವನ ಹೆಂಡತಿ ಆಶಾಬಿ ಉದ್ಯಾನದ ಬೀಗ ತೆಗೆದಳು. ಬಾವಿ ಬತ್ತಿತ್ತು. ಆದರೆ ಮರದ ಬುಡದಲ್ಲಿ ಹೂತಿಟ್ಟ ಗಡಿಗೆ ತುಂಬಿತ್ತು. ಬೆರಳದ್ದಿದರೆ ನೀರು ತಣ್ಣಗೆ ಕೊರೆಯಿತು. ಕೆಳಗಿನ ಟೊಂಗೆಗೆ ಕುಂಡದ ಸಸಿಯೊಂದನ್ನು ಕೂಡಿಸಿ ಹಸಿರು ಬಟ್ಟೆಯಿಂದ ಕಟ್ಟಲಾಗಿತ್ತು. ಆ ಬಿಸಿಲಲ್ಲಿ ಯಾರೂ ಮಾವಿಗೆ ಕಸಿ ಕಟ್ಟುವುದಿಲ್ಲ.

ಆಶಾಬಿ ಗಂಟು ಮುಟ್ಟಿದಳು. “ಎಡಗೈ ಗಂಟ ಐತ್ರಿ. ಅವರದ.”

“ಬ್ಯಾರೆ ಯಾರರ ಬಂದಿದ್ರೇನು?”

“ಕೀಲಿ ನನ್ನ ಹಂತ್ಯಾಕ ಐತಿ. ಅವರ ಹಸಿರ ರುಮಾಲ ಮನ್ಯಾಗ ಪೆಟಗ್ಯಾಗ ಇಟ್ಟೇನಿ. ಬರ್ರಿ, ನೋಡೂಣು.”

ಅವಳ ಮನೆಯ ಪೆಟ್ಟಿಗೆಯಲ್ಲಿ ರುಮಾಲು ಮಡಿಸಿಟ್ಟಂತೆಯೇ ಇತ್ತು. ಅಂಚಿನಿಂದ ಮಾತ್ರ ಕಸಿಗೆ ಕಟ್ಟಿದ್ದಷ್ಟೇ ಅಗಲದ ಪಟ್ಟಿಯೊಂದು ಹರಿದುಹೋಗಿತ್ತು. ಹರಿದ ಕಡೆ ಒದ್ದೆಯಾಗಿತ್ತು. ಆಶಾಬಿ ಅದನ್ನು ಮತ್ತೆ ಮಡಿಸುತ್ತ, “ಮಾತ ಕೊಟ್ರ ತಪ್ಪತಿದ್ದಿಲ್ರಿ ಅವರು,” ಎಂದಳು.

ಮಳೆ ಬಿದ್ದ ಮೇಲೆ ಹೋದಾಗ ದೊಡ್ಡ ಮರ ಸತ್ತಿತ್ತು. ಕಸಿ ಕೂಡಿಕೊಂಡು ತಾಮ್ರಬಣ್ಣದ ಚಿಗುರು ಬಿಟ್ಟಿತ್ತು. ಅದನ್ನು ಮರದಿಂದ ಬಿಡಿಸಲು ಚಾಕು ತೆಗೆದೆ. ಯಾರೋ ಆಗಲೇ ಕತ್ತರಿಸಿದ್ದರು. ಕೊಯ್ದ ಜಾಗದಲ್ಲಿ ಸೊನೆ ಇನ್ನೂ ಒಸರುತ್ತಿತ್ತು. ಬೀಗವನ್ನು ಆಶಾಬಿ ನನ್ನೆದುರಿಗೆ ಆಗಷ್ಟೇ ತೆಗೆದಿದ್ದಳು.