ಅರವತ್ತನಾಲ್ಕರಿಂದಾಚೆಯ ಪ್ಲೇಟುಗಳು

2022ರ ಏಪ್ರಿಲ್ 19, ಮಂಗಳವಾರ, ಬೆಳಿಗ್ಗೆ 9.20. ಉಕ್ರೇನಿನ ಲುಬ್ನಿ ಪೊಲೀಸ್ ಠಾಣೆಗೆ ಅವತ್ತಿನ ದೂರು ಒಂದು ಅಂಚೆ ಪಾರ್ಸೆಲ್ಲಿನ ಡಬ್ಬಿಯಲ್ಲಿ ಬಂತು. ಹೊತ್ತು ತಂದವರು ನಿವೃತ್ತ ಭೂಗೋಳ ಟೀಚರ್ ಹಾಫಿಯಾ ಮಿಕಿತಿವ್ನಾ. ಯುದ್ಧ ಶುರುವಾದಾಗಿನಿಂದ ಊರಲ್ಲಿ ಚಂದಾ ಎತ್ತಿ, ಗಡಿಯಲ್ಲಿರುವ ಹುಡುಗರಿಗೆ ಗುಂಡು ತಡೆಯುವ ಎದೆಪ್ಲೇಟು ಕಳಿಸುತ್ತಿದ್ದವರು ಇವರೇ.

ಡಬ್ಬಿಯಲ್ಲಿ ಅಂಥದೇ ಒಂದು ಉಕ್ಕಿನ ಪ್ಲೇಟು, ಗಡಿಯಿಂದ ವಾಪಸು ಬಂದದ್ದು. ನಟ್ಟನಡುವೆ ತೂತು. ಜೊತೆಗೆ ಒಂದು ಚೀಟಿ: "ಆಳು ಬದುಕಿದ್ದಾನೆ. ಇಂಥವು ಇನ್ನು ಬೇಡ."

ಕ್ಯಾಪ್ಟನ್ ಸೊಲೋಮಿಯಾ ತೂತಿನೊಳಗೆ ಕಿರುಬೆರಳು ಹಾಕಿದಳು. ಬೆರಳು ಆಚೆ ಬಂತು. ಮೂರು ವಾರದ ಹಿಂದೆ ತಮ್ಮ ಮಾರ್ಕ್ಯಾನ್ ಯುದ್ಧಕ್ಕೆ ಹೊರಟಾಗ ಇದೇ ಟೀಚರ್ ಹತ್ತಿರದಿಂದ ಇಂಥದೇ ಪ್ಲೇಟು ತಂದು, ಅವನ ಎದೆಗೆ ತಾನೇ ಕಟ್ಟಿ ಕಳಿಸಿದ್ದಳು.

"ಯಾರು ಮಾಡಿದ್ದು?"

"ಯುಖಿಮ್ ಪನಾಸೊವಿಚ್. ಟ್ರಾಕ್ಟರ್ ಶೆಡ್ಡಿನವರು. ಪ್ರತಿಯೊಂದರ ಹಿಂದೆ ನಂಬರ್ ಹೊಡೀತಾರೆ. ಇದು ಎಪ್ಪತ್ತೇಳು."

"ಗುಂಡು ಖಂಡಿತ ತಡೆಯೋ ಸೆರಾಮಿಕ್ ಪ್ಲೇಟು ಯಾಕೆ ತಗೊಳ್ಳಲಿಲ್ಲ?"

"ಒಂದು ಸೆರಾಮಿಕ್ ದುಡ್ಡಿಗೆ ಐದು ಉಕ್ಕಿನವು ಬರ್ತವೆ, ಮಗಳೇ. ಒಬ್ಬನಿಗೆ ಕೊಟ್ಟು ನಾಲ್ಕು ಜನರ ಮುಖ ಹೆಂಗೆ ನೋಡ್ಲಿ?"

ಸೊಲೋಮಿಯಾ ತಮ್ಮನಿಗೆ ಮೆಸೇಜು ಹಾಕಿದಳು: "ಪ್ಲೇಟಿನ ಹಿಂದಿರೋ ನಂಬರ್ ಹೇಳು." ಒಂದೇ ಟಿಕ್ ಬಿತ್ತು.

10.05ಕ್ಕೆ ಎಫ್‌ಐಆರ್ ದಾಖಲಾಯಿತು. 10.40ಕ್ಕೆ ಟೀಚರನ್ನೂ ಕೂರಿಸಿಕೊಂಡು ಬಂದ ಜೀಪು ಟ್ರಾಕ್ಟರ್ ಶೆಡ್ಡಿನ ಮುಂದಿತ್ತು. ಮೊದಲು ಒಳಗೆ ನುಗ್ಗಿದವನು ಸಾರ್ಜೆಂಟ್ ತಿಮ್ಕೋ. ಪೊಲೀಸಾಗುವ ಮುಂಚೆ ಮೆಕ್ಯಾನಿಕ್, ಅದಕ್ಕೂ ಮುಂಚಿನಿಂದ ಸಿನಿಮಾ ಹುಚ್ಚ.

"ಯಾರೂ ಅಲ್ಲಾಡಬೇಡಿ. ಈ ಡೈಲಾಗಿಗೆ ನಾಲ್ಕು ವರ್ಷದಿಂದ ಕಾದಿದ್ದೆ ತಾತ."

"ಅಲ್ಲಾಡಕ್ಕೆ ಮಂಡಿ ಎಲ್ಲಿ ಬಿಡುತ್ತೆ ಕಣೋ?" ಎಂದ ಯುಖಿಮ್ ಪನಾಸೊವಿಚ್. "ಚಹಾ ಕುಡೀತೀಯಾ?"

ಮೇಜಿನ ಮೇಲೆ ಹನ್ನೆರಡು ಪ್ಲೇಟು ಜೋಡಿಸಿಟ್ಟಿದ್ದವು, ಮಧ್ಯಾಹ್ನ ಎರಡರ ವ್ಯಾನಿಗೆ. ಮೂಲೆಯಲ್ಲಿ ಸರಪಳಿಗೆ ನೇತುಹಾಕಿದ್ದ ಇನ್ನೊಂದರ ಮೇಲೆ ಹನ್ನೊಂದು ಗುಳಿ. ಪ್ರತಿ ಗುಳಿಯ ಪಕ್ಕ ಸೀಮೆಸುಣ್ಣದಲ್ಲಿ ಬರೆದ ತಾರೀಖು ಬೇರೆ ಬೇರೆ. ಒಂದು ಗುಂಡೂ ದಾಟಿರಲಿಲ್ಲ.

"ಇದೇನು?" ಸೊಲೋಮಿಯಾ ಕೇಳಿದಳು.

"ಪರೀಕ್ಷೆ ಪ್ಲೇಟು," ಎಂದರು ಟೀಚರ್. "ಹೊಸ ಮಾಲು ಬಂದಾಗೆಲ್ಲ ಕಲ್ಲುಕ್ವಾರಿಗೆ ಒಯ್ದು ಗುಂಡು ಹೊಡೆಸ್ತೀವಿ."

"ಪ್ರತಿ ಸಲ ಇದಕ್ಕೇನಾ?"

ಟೀಚರ್ ಮುಖ ಬಿಳಿಚಿಕೊಂಡಿತು. "ಹೊಸದಕ್ಕೆ ಹೊಡೆದ್ರೆ ಅದು ಹಾಳು. ಒಬ್ಬ ಹುಡುಗನಿಗೆ ಪ್ಲೇಟು ಇಲ್ಲ. ಅದಕ್ಕೇ ಇದನ್ನೇ ಇಟ್ಕೊಳ್ಳೋಣ ಅಂತ... ನಾನೇ ಹೇಳಿದ್ದು."

"ಟೀಚರ್, ಒಬ್ಬನೇ ಹುಡುಗ ಇಡೀ ಕ್ಲಾಸಿನ ಪರೀಕ್ಷೆ ಬರೆದು ಪಾಸು ಮಾಡಿಸಿದ್ನಲ್ಲ," ಎಂದ ತಿಮ್ಕೋ. "ನಮ್ಮ ಕಾಲದಲ್ಲಿ ಈ ಸ್ಕೀಮ್ ಇರಲಿಲ್ಲ."

ಯಾರೂ ನಗಲಿಲ್ಲ. ಅವನೇ ತಲೆ ತಗ್ಗಿಸಿಕೊಂಡು ಗೋಡೆಯಲ್ಲಿದ್ದ, ಲೋಹ ಉಜ್ಜುವ ಅರ ತೆಗೆದ. ಗಟ್ಟಿ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆತ್ತನೆಯದನ್ನು ಕಚ್ಚುತ್ತದೆ. ಪರೀಕ್ಷೆ ಪ್ಲೇಟಿನ ಮೇಲೆ ಗಾಜಿನ ಮೇಲೆ ಹೋದ ಹಾಗೆ ಜಾರಿತು. ಮೇಜಿನ ಮೇಲಿದ್ದ ಹನ್ನೆರಡರಲ್ಲೂ ಕರ್ ಎಂದು ಕಚ್ಚಿ ಪುಡಿ ಉದುರಿಸಿತು.

ಪಕ್ಕದ ಬ್ರೆಡ್ ಅಂಗಡಿಯವನು, ಅಂಚೆಯಣ್ಣ ಇಬ್ಬರೂ ಪಂಚರು. 11.50ಕ್ಕೆ ಪಂಚನಾಮೆ ಮುಗಿಯಿತು. ಸೊಲೋಮಿಯಾ ಫೋನು ನೋಡಿದಳು. ಅದೇ ಒಂದು ಟಿಕ್.

"ಒಳ್ಳೆ ಉಕ್ಕು ಎಷ್ಟನೇ ನಂಬರಿನವರೆಗೆ?" ಮುದುಕನ ಎದುರು ಕೂತು ಕೇಳಿದಳು.

"ಅರವತ್ತನಾಲ್ಕು."

"ಆಮೇಲೆ?"

"ಟ್ರೇಲರ್ ಮಾಡೋ ಸಾದಾ ಶೀಟು."

"ಉಕ್ಕು ಮುಗೀತು ಅಂತ ಯಾಕೆ ಹೇಳಲಿಲ್ಲ?"

"ಗೇಟಲ್ಲಿ ದಿನಾ ತಾಯಂದಿರು ನಿಂತಿರೋರು. ನನ್ನ ಮಗ ಮೊದಲ ವಾರಾನೇ ಗಡಿಗೆ ಹೋದ. ಅವತ್ತು ನಾನೂ ಹಿಂಗೇ ಒಂದು ಗೇಟಲ್ಲಿ ನಿಂತಿದ್ದೆ. ಪ್ಲೇಟು ಇಲ್ಲ ಅಂದ್ರು. ಸ್ವೆಟರಲ್ಲೇ ಹೋದ." ಮುದುಕ ಕೈಗೆ ಹತ್ತಿದ್ದ ಮಸಿ ಉಜ್ಜಿಕೊಂಡ. "ಬಾಂಬಿನ ಚೂರಾದ್ರೂ ತಡೆಯುತ್ತೆ ಅಮ್ಮ. ಬರಿಮೈಗಿಂತ ವಾಸಿ ಅಲ್ವಾ?"

"ಮಗ ಈಗ ಎಲ್ಲಿ?"

ಮುದುಕ ಎದುರಿನ ಗೋಡೆ ತೋರಿಸಿದ. ಅಲ್ಲಿ ಕಪ್ಪು ರಿಬ್ಬನ್ ಕಟ್ಟಿದ ಮಗನ ಫೋಟೋ ಇತ್ತು. ತಿಮ್ಕೋ ಟೋಪಿ ತೆಗೆದ.

12.30ಕ್ಕೆ ಬಂಧನ. ಟೀಚರ್ ತಮ್ಮ ಪಟ್ಟಿ ಹಿಡಿದು, ಅರವತ್ತನಾಲ್ಕರ ಮುಂದಿನ ಒಂದೊಂದು ಮನೆಗೂ ಫೋನು ಮಾಡಲು ಕೂತರು.

1.15ಕ್ಕೆ ಎರಡನೇ ಟಿಕ್ ಬಿತ್ತು. "ಎಪ್ಪತ್ತೊಂದು. ಯಾಕಕ್ಕ?"

ಸೊಲೋಮಿಯಾಳ ಬೆರಳು ತಾನೇ ಟೈಪು ಮಾಡಿತು: "ಏನಿಲ್ಲ, ಸುಮ್ಮನೆ. ಹಾಕ್ಕೊಂಡೇ ಇರು." ಕಳಿಸುವ ಮುಂಚೆ ಓದಿಕೊಂಡಳು. ಜೀಪಿನ ಹಿಂದಿನ ಸೀಟಿನಲ್ಲಿ ಬೇಡಿ ಹಾಕಿಕೊಂಡು ಕೂತಿದ್ದವನ ಮಾತೇ ಅದು. ಅಳಿಸಿದಳು. ಫೋನು ಹಚ್ಚಿದಳು.

"ಮಾರ್ಕ್ಯಾನ್, ಅದು ಚೂರು ತಡೆಯುತ್ತೆ ಅಷ್ಟೆ. ಗುಂಡು ತಡೆಯಲ್ಲ. ಕೇಳಿಸ್ತಾ? ಬೇರೆದು ಕಳಿಸ್ತೀನಿ, ಎಲ್ಲಾದ್ರೂ ಹುಡುಕಿ."



"ಒಳ್ಳೇದಾಯ್ತು ಹೇಳಿದ್ದು, ಅಕ್ಕ. ನಮ್ಮ ಗುಂಪಲ್ಲಿ ಪ್ಲೇಟು ಇರೋನು ನಾನೊಬ್ಬನೇ ಅಂತ, ದಿನಾ ನಾನೇ ಮುಂದೆ ನಡೀತಿದ್ದೆ."

ಸಂಜೆ ವರದಿಯಲ್ಲಿ ಕೃತ್ಯದ ಉದ್ದೇಶ ಎಂಬ ಜಾಗದಲ್ಲಿ ಸೊಲೋಮಿಯಾ ಬರೆದಳು: "ಇಲ್ಲ ಎನ್ನಲು ಆಗದೆ."